ಚೆಲ್ಲಿದ ನೋಟು, ಆಯ್ದ ಅಕ್ಕಿ

ಲಗ್ನದ ಮೆರವಣಿಗೆಯಲ್ಲಿ ಬ್ಯಾಂಡ್ ನುಡಿಸುವವನ ಹತ್ತಿರ ಇರುವುದರಲ್ಲಿ ಅವನದೆನ್ನುವುದು ಬಹಳ ಕಡಿಮೆ. ಹಾಡು ಸಿನಿಮಾದ್ದು. ಸಂತೋಷ ಬೀಗರದ್ದು. ಮೈಮೇಲಿನ ಕೆಂಪು ಕೋಟು, ಅದರ ಹಿತ್ತಾಳೆ ಗುಂಡಿಗಳು ಬ್ಯಾಂಡ್ ಕಂಪನಿಯದ್ದು. ಮದುಮಗನ ತಲೆಯ ಸುತ್ತ ನಿವಾಳಿಸಿ ಗಾಳಿಗೆ ತೂರಿದ ಹತ್ತು ರೂಪಾಯಿಯ ನೋಟಂತೂ ನೆಲಕ್ಕೆ ಬಿದ್ದು, ಯಾರಾದರೂ ಬಗ್ಗಿ ಎತ್ತಿಕೊಳ್ಳುವವರೆಗೆ ಯಾರದ್ದೂ ಅಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಸುತ್ತಲಿನ ಊರುಗಳಲ್ಲಿ ಹನ್ನೊಂದು ಬೇಸಿಗೆ ನಾನು ಟ್ರಂಪೆಟ್ ಊದಿದ್ದೇನೆ. ಆ ಕೆಲಸ ನನ್ನ ಮುಂದೆ ಇಟ್ಟ ಪ್ರಶ್ನೆ ಒಂದೇ. ನಮ್ಮದಲ್ಲದ್ದನ್ನು ಕೈಯಲ್ಲಿ ಹೇಗೆ ಹಿಡಿದುಕೊಳ್ಳಬೇಕು?

ಈ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ನಮಗಿಂತ ಬಹಳ ಹಿಂದೆ ಒಬ್ಬ ಗಂಡ, ಒಬ್ಬ ಹೆಂಡತಿ ಎದುರಿಸಿದ್ದರು. ಗುರುಗುಂಟಾ ಎಂದ ಕೂಡಲೇ ಇಲ್ಲಿಯವರಿಗೆ ನೆನಪಾಗುವುದು ಅಮರೇಶ್ವರ. ಹನ್ನೆರಡನೆಯ ಶತಮಾನದ ಶರಣರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಈ ಅಮರೇಶ್ವರದವರು. ಮಾರಯ್ಯನ ವಚನಗಳ ಅಂಕಿತ ಅಮರೇಶ್ವರಲಿಂಗ, ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಇಬ್ಬರೂ ಇಲ್ಲಿಂದ ಕಲ್ಯಾಣಕ್ಕೆ ಹೋದರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಮಾರಯ್ಯನ ಕಾಯಕ. ತಂದದ್ದನ್ನು ಅಡಿಗೆ ಮಾಡಿ, ಬಂದವರಿಗೆ ಉಣಬಡಿಸಿ ತಾವೂ ಉಣ್ಣುವುದು ಮನೆಯ ನಿತ್ಯದ ನಡೆ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಾದದ್ದನ್ನು ಇದ್ದ ಜಾಗಕ್ಕೆ ಸುರಿದು ಬಾ ಎಂದು ಗಂಡನನ್ನು ವಾಪಸು ಕಳಿಸಿದಳು.

ಮಠಗಳ ಪ್ರವಚನದಲ್ಲಿ ಈ ಕಥೆ ಅತಿಯಾಸೆ ಬೇಡ ಎಂಬ ಬುದ್ಧಿಮಾತಾಗಿ ಮುಗಿದುಬಿಡುತ್ತದೆ. ರಸ್ತೆಯ ಮೇಲೆ ಬಿದ್ದ ನೋಟು ಎತ್ತುವವರಿಗೆ ಅದು ಅಷ್ಟು ಬೇಗ ಮುಗಿಯುವ ಕಥೆಯಲ್ಲ.

ಮೊದಲು ನಮ್ಮ ಕೆಲಸ ಹೇಗೆ ನಡೆಯುತ್ತದೆಂದು ಹೇಳಬೇಕು. ಹಳ್ಳಿಯ ಬ್ಯಾಂಡ್ ಕಂಪನಿ ಎಂದರೆ ಹತ್ತು ಹದಿನೈದು ಜನ. ಮುಂದೆ ಕ್ಲಾರಿನೆಟ್ ಹಿಡಿದ ಮಾಸ್ತರ. ಅವನ ಹಿಂದೆ ಎರಡು ಮೂರು ಟ್ರಂಪೆಟ್, ಸ್ಯಾಕ್ಸೋಫೋನ್ ಇದ್ದರೆ ಒಂದು, ದಪ್ಪ ದನಿಯ ದೊಡ್ಡ ಹಿತ್ತಾಳೆ ವಾದ್ಯ ಒಂದು. ಆಮೇಲೆ ಸೈಡ್ ಡ್ರಮ್, ದೊಡ್ಡ ಡ್ರಮ್, ತಾಳ. ಈಚೆಗೆ ಇವರ ಜೊತೆ ಒಂದು ಗಾಡಿ ಬಂದಿದೆ. ಅದರ ಮೇಲೆ ಕ್ಯಾಸಿಯೋ ನುಡಿಸುವವನು, ಮೈಕ್ ಹಿಡಿದು ಹಾಡುವವನು. ಎರಡೂ ಬದಿಗೆ ದೀಪ ಹೊತ್ತವರ ಸಾಲು. ಮೊದಲು ತಲೆಯ ಮೇಲೆ ಗ್ಯಾಸ್‌ಬತ್ತಿ ಇರುತ್ತಿತ್ತು, ಈಗ ಬಣ್ಣದ ವಿದ್ಯುತ್ ದೀಪದ ಗೊಂಚಲು. ಎಲ್ಲ ದೀಪಗಳೂ ಒಂದೇ ತಂತಿಯಲ್ಲಿ ಹಿಂದಿನ ಜನರೇಟರ್ ಗಾಡಿಗೆ ಕಟ್ಟಿಕೊಂಡಿರುತ್ತವೆ. ಒಬ್ಬರು ಸರಿದರೆ ತಂತಿ ಎಳೆಯುತ್ತದೆ.

ನಮ್ಮ ವಾದ್ಯಗಳಾದರೂ ಈ ನೆಲದವಲ್ಲ. ಬ್ರಿಟಿಷರ ದಂಡಿನ ಜೊತೆ ಬಂದ ಹಿತ್ತಾಳೆ ವಾದ್ಯಗಳು ಸಂಸ್ಥಾನಗಳ ಬ್ಯಾಂಡಿಗೆ ಇಳಿದವು, ಅಲ್ಲಿಂದ ಊರ ಲಗ್ನಕ್ಕೆ ಬಂದವು. ಇವತ್ತಿಗೂ ಒಳ್ಳೆಯ ಟ್ರಂಪೆಟ್ ಬೇಕೆಂದರೆ ಉತ್ತರ ಪ್ರದೇಶದ ಮೀರತ್ತಿನ ಹೆಸರು ಹೇಳುತ್ತಾರೆ. ಅವಕ್ಕಿಂತ ಮೊದಲು ಇಲ್ಲಿದ್ದದ್ದು ಸನಾದಿ, ಹಲಗಿ. ಅವನ್ನು ನುಡಿಸುತ್ತಿದ್ದ ಮನೆಗಳಿಂದಲೇ ಬ್ಯಾಂಡಿಗೆ ಬಂದವರು ನಮ್ಮಲ್ಲಿ ಹೆಚ್ಚು.

ಯುಗಾದಿಯಿಂದ ಮಳೆ ಬೀಳುವವರೆಗೆ ಲಗ್ನಗಳು, ತುಳಸಿ ಲಗ್ನದ ನಂತರ ಮತ್ತೊಂದಿಷ್ಟು. ಆಷಾಢದಲ್ಲಿ, ಧನುರ್ಮಾಸದಲ್ಲಿ ವಾದ್ಯಗಳು ಚೀಲದೊಳಗೆ. ಆಗ ಕ್ಲಾರಿನೆಟ್‌ನವನು ಹತ್ತಿ ಬಿಡಿಸಲಿಕ್ಕೆ ಹೋಗುತ್ತಾನೆ, ಡ್ರಮ್ಮಿನವನು ಸಿಂಧನೂರಿನ ಕಾಲುವೆ ಕೆಳಗಿನ ಗದ್ದೆಗೆ ಹೋಗುತ್ತಾನೆ. ಕೆಲವರು ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಮತ್ತೆ ಲಗ್ನದ ದಿನಗಳಿಗೆ ತಿರುಗಿ ಬರುತ್ತಾರೆ. ವೀಳ್ಯ ಹಿಡಿದ ಮೇಲೆ ಮಾತು ತಪ್ಪುವಂತಿಲ್ಲ. ವೀಳ್ಯದೆಲೆಯ ಜಾಗದಲ್ಲಿ ಈಗ ಅಡ್ವಾನ್ಸ್ ಬಂದಿದೆ, ಆದರೂ ಮಾತು ಮಾತೇ.

ಕೈಯಲ್ಲಿರುವ ಮೊದಲನೆಯದು ಹಾಡು. ನಮ್ಮನ್ನು ಹೀಗಳೆಯುವವರು ಸಾಮಾನ್ಯವಾಗಿ ಹಾಡಿನಿಂದಲೇ ಶುರು ಮಾಡುತ್ತಾರೆ. ನೀವು ಸ್ವಂತದ್ದು ಏನು ನುಡಿಸುತ್ತೀರಿ, ಬರೀ ನಕಲು ಎನ್ನುತ್ತಾರೆ. 1977ರ 'ಸನಾದಿ ಅಪ್ಪಣ್ಣ' ಸಿನಿಮಾವನ್ನು ನೆನೆಯಿರಿ. ಪರದೆಯ ಮೇಲೆ ಸನಾದಿ ಹಿಡಿದವರು ರಾಜ್‌ಕುಮಾರ್. ಕೇಳಿಸಿದ್ದು ಬಿಸ್ಮಿಲ್ಲಾ ಖಾನರ ಉಸಿರು. ಸಂಗೀತ ಕೂಡಿಸಿದವರು ಜಿ.ಕೆ. ವೆಂಕಟೇಶ್. ಕಥೆ ಕೃಷ್ಣಮೂರ್ತಿ ಪುರಾಣಿಕರದ್ದು. ಆ ಸಿನಿಮಾದ ಹಾಡನ್ನು ನಮ್ಮ ಮಾಸ್ತರ ಕ್ಲಾರಿನೆಟ್‌ನಲ್ಲಿ ನುಡಿಸಿದಾಗ ಅದು ಯಾರ ಹಾಡು? ಲಗ್ನದ ಮನೆಯವರಂತೂ ಯಾರ ಹೆಸರನ್ನೂ ಹೇಳುವುದಿಲ್ಲ. ನಮ್ಮ ಅಣ್ಣನ ಲಗ್ನದಾಗ ನುಡಿಸಿದ ಹಾಡು ಎನ್ನುತ್ತಾರೆ. ಕೇಳುವವರೂ ಅದನ್ನು ಹೀಗೆ ತಮ್ಮದಾಗಿ ಮಾಡಿಕೊಳ್ಳುತ್ತಾರೆ.

ಕಾನೂನು ಇಲ್ಲಿ ನಮ್ಮ ಪರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಧಾರ್ಮಿಕ ಸಮಾರಂಭಗಳಲ್ಲಿ ಹಾಡು ನುಡಿಸುವುದನ್ನು ಹಕ್ಕಿನ ಉಲ್ಲಂಘನೆ ಎಂದು ಎಣಿಸುವುದಿಲ್ಲ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಾಮಾಜಿಕ ಸಂಭ್ರಮಗಳೂ ಅದರೊಳಗೆ ಬರುತ್ತವೆಂದು ಅಲ್ಲಿಯೇ ವಿವರಣೆ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೊಮ್ಮೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಹೇಳಿತು. ಅಂದರೆ ಮದುಮಗನ ಕುದುರೆಯ ಮುಂದೆ ಯಾರ ಹಾಡನ್ನಾದರೂ ದುಡ್ಡು ಕಟ್ಟದೆ ನುಡಿಸಬಹುದು. ಆದರೆ ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಋಣ ಇಲ್ಲವೆಂದಾಗುವುದಿಲ್ಲ. ದುಡ್ಡಿನ ಬಾಕಿ ಇಲ್ಲ, ಅಷ್ಟೆ. ಹೆಸರಿನ ಬಾಕಿ ಉಳಿಯುತ್ತದೆ.

ಹೆಸರಿನ ಬಾಕಿಯನ್ನು ಹೇಗೆ ತೀರಿಸಬೇಕೆಂದು ನಮ್ಮ ರಾಯಚೂರು ಜಿಲ್ಲೆಗೆ ಚೆನ್ನಾಗಿ ಗೊತ್ತು. ಮಾನ್ವಿಯ ಜಗನ್ನಾಥದಾಸರ ಪದವನ್ನು ಊರ ಭಜನೆಯಲ್ಲಿ ಯಾರು ಹಾಡಿದರೂ ಕೊನೆಯ ಸಾಲಿನಲ್ಲಿ ಜಗನ್ನಾಥವಿಠಲ ಬಂದೇ ಬರುತ್ತಾನೆ. ಚೀಕಲಪರವಿಯ ವಿಜಯದಾಸರ ಪದಕ್ಕೆ ವಿಜಯವಿಠಲ. ಹಾಡುವವನು ರಾಗ ಬದಲಿಸಬಹುದು, ತಾಳ ಬದಲಿಸಬಹುದು, ಎರಡನೆಯ ನುಡಿಯನ್ನು ಬಿಡಬಹುದು. ಅಂಕಿತ ಮಾತ್ರ ಬಿಡುವಂತಿಲ್ಲ. ಇನ್ನೊಬ್ಬರ ಹಾಡನ್ನು ಹಾಡುವುದು ನಮ್ಮ ಪರಂಪರೆಯಲ್ಲಿ ಎಂದೂ ಕಳ್ಳತನ ಆಗಿರಲಿಲ್ಲ. ಅಂಕಿತ ಅಳಿಸುವುದು ಕಳ್ಳತನ. ಅದಕ್ಕೇ ನಮ್ಮ ಗಾಡಿಯ ಹಾಡುಗಾರ ಪ್ರತಿ ಹಾಡಿನ ಮೊದಲು ಸಿನಿಮಾದ ಹೆಸರು, ಹಾಡಿದವರ ಹೆಸರು, ಸಂಗೀತ ಕೊಟ್ಟವರ ಹೆಸರು ಹೇಳುತ್ತಾನೆ. ಆ ಗದ್ದಲದಲ್ಲಿ ಕೇಳುವವರು ನಾಲ್ಕು ಜನ ಇರಬಹುದು. ಅವನು ಹೇಳುತ್ತಾನೆ.

ಆದರೆ ನಕಲು ಎಂಬ ಮಾತೂ ಪೂರ್ತಿ ನಿಜವಲ್ಲ. ಸ್ಟುಡಿಯೋದಲ್ಲಿ ಹತ್ತಾರು ಪಿಟೀಲುಗಳ ಜೊತೆ ಕೂಡಿಸಿದ ಹಾಡು ಹಳ್ಳಿಯ ರಸ್ತೆಗೆ ಬಂದಾಗ ಹಾಗೆಯೇ ಉಳಿಯಲಾರದು. ಮುದುಕರ, ಮಕ್ಕಳ ಹೆಜ್ಜೆಗೆ ತಕ್ಕಂತೆ ಅದು ನಿಧಾನವಾಗಬೇಕು. ಅಗಸಿ ಬಂದಾಗ ಚರಣವನ್ನು ಅರ್ಧಕ್ಕೇ ಮುರಿದು ಪಲ್ಲವಿಗೆ ಬರಬೇಕು. ಮದುಮಗನ ಗೆಳೆಯರು ದಣಿಯುವವರೆಗೆ ಎರಡೇ ಸಾಲು ಇಪ್ಪತ್ತು ಸಲ ತಿರುಗಬೇಕು. ಕೆಳಗೆ ಡ್ರಮ್ಮಿನವನ ಕೈಯಲ್ಲಿ ಅವನ ಅಪ್ಪನ ಹಲಗಿಯ ಪೆಟ್ಟು ಇದ್ದೇ ಇರುತ್ತದೆ.

ದೂರದ ಜಮೈಕಾ ದ್ವೀಪದಲ್ಲಿಯೂ ಹೀಗೆಯೇ ಆಗಿತ್ತು. ಕಿಂಗ್‌ಸ್ಟನ್ ನಗರದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲ್‌ನಲ್ಲಿ ಬಡಹುಡುಗರಿಗೆ ದಂಡಿನ ಮಾದರಿಯ ಬ್ಯಾಂಡ್ ವಾದ್ಯ ಕಲಿಸುತ್ತಿದ್ದರು. ಅಲ್ಲಿ ಕಲಿತವರಲ್ಲಿ ಟ್ರಂಬೋನಿನ ಡಾನ್ ಡ್ರಮಂಡ್, ಸ್ಯಾಕ್ಸೋಫೋನಿನ ಟಾಮಿ ಮೆಕುಕ್ ಮುಂತಾದವರು ಸೇರಿ 1964ರಲ್ಲಿ ಸ್ಕಾಟಲೈಟ್ಸ್ ಎಂಬ ತಂಡ ಕಟ್ಟಿದರು. ಅಮೆರಿಕದಿಂದ ಬಂದ ಹಾಡುಗಳನ್ನು ಕುಣಿತದ ಮೋಜುಕೂಟಗಳಲ್ಲಿ ನುಡಿಸಿ ನುಡಿಸಿ ಆ ದ್ವೀಪದವರು ತಾಳದ ಒತ್ತನ್ನು ಜಾಗ ಬದಲಿಸಿದ್ದರು. ಪೆಟ್ಟಿನ ಮೇಲೆ ಬೀಳಬೇಕಾದ ಒತ್ತು ಎರಡು ಪೆಟ್ಟುಗಳ ನಡುವೆ ಬಿತ್ತು. ಅದಕ್ಕೆ ಸ್ಕಾ ಎಂದು ಹೆಸರಾಯಿತು. ಆ ತಂಡದ ಹೆಸರುವಾಸಿ ತುಣುಕುಗಳಲ್ಲಿ ಒಂದು 1961ರ ಹಾಲಿವುಡ್ ಸಿನಿಮಾ 'ದ ಗನ್ಸ್ ಆಫ್ ನವರೋನ್'ನ ಸಂಗೀತ. ಸಿನಿಮಾದ್ದೇ, ಬೇರೆಯವರದ್ದೇ. ಆದರೂ ಅದನ್ನು ಕೇಳಿದವರು ಇದು ಜಮೈಕಾ ಎನ್ನುತ್ತಾರೆ. ಇನ್ನೊಬ್ಬರ ಹಾಡನ್ನು ಪ್ರಾಮಾಣಿಕವಾಗಿ ಹಿಡಿದವನ ಕೈಗುರುತು ಅದರ ಮೇಲೆ ಬೀಳದೆ ಇರುವುದಿಲ್ಲ. ಆ ಕೈಗುರುತಿನಷ್ಟು ಅವನದು. ಉಳಿದದ್ದು ಅವನದಲ್ಲ ಎಂದು ಅವನಿಗೆ ಗೊತ್ತಿದ್ದರೆ ಸಾಕು.

ಎರಡನೆಯದು ಸಂತೋಷ. ಇದು ಹಾಡಿಗಿಂತ ಕಷ್ಟದ್ದು.

ನಮ್ಮ ತಂಡದ ದೊಡ್ಡ ಡ್ರಮ್ಮಿನವನು ಒಂದು ಮೇ ತಿಂಗಳಲ್ಲಿ ತೀರಿಕೊಂಡ. ಬೆಳಿಗ್ಗೆ ಅವನ ಮಣ್ಣಿಗೆ ನಾವೇ ಭಜನೆಯ ಧಾಟಿ ನುಡಿಸಿದೆವು. ಸಂಜೆ ಒಂದು ಊರಿನ ಲಗ್ನಕ್ಕೆ ವೀಳ್ಯ ಹಿಡಿದಾಗಿತ್ತು. ಸ್ನಾನ ಮಾಡಿ, ಅದೇ ವಾದ್ಯಗಳನ್ನು ಒರೆಸಿಕೊಂಡು ಹೋದೆವು. ಮೆರವಣಿಗೆ ಅರ್ಧಕ್ಕೆ ಬಂದಾಗ ಹೆಣ್ಣಿನ ಕಡೆಯ ಹಿರಿಯರೊಬ್ಬರು ಹತ್ತಿರ ಬಂದರು. "ಏನ್ರಿ ಮಾಸ್ತರ, ಇವತ್ತ ಭಾಳ ಸಪ್ಪಗ ನುಡಿಸ್ಲಿಕ್ಕತ್ತೀರಿ?" ಮಾಸ್ತರ ನಕ್ಕು, "ಇಲ್ರಿ ಧಣಿ, ಈಗ ನೋಡ್ರಿ," ಎಂದು ಕೈ ಎತ್ತಿ ಲಯ ಏರಿಸಿದ. ಯಾರಿಗೂ ಏನೂ ಹೇಳಲಿಲ್ಲ. ಆ ಹಿರಿಯರದು ತಪ್ಪಿಲ್ಲ, ಅವರ ಮನೆಯ ಹೆಣ್ಣುಮಗಳ ಲಗ್ನ ಅದು.

ಅವತ್ತು ನಾವು ಸುಳ್ಳು ಹೇಳಿದೆವೇ? ಒಳಗೆ ಇಲ್ಲದ ಸಂತೋಷವನ್ನು ಹೊರಗೆ ತೋರಿಸುವುದು ಸುಳ್ಳಲ್ಲವೇ ಎಂದು ಬಹಳ ದಿನ ಯೋಚಿಸಿದ್ದೇನೆ. ಊದುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಗಂಟಲು ಕಟ್ಟಿದರೆ ಟ್ರಂಪೆಟ್ ಮಾತಾಡುವುದಿಲ್ಲ. ತುಟಿ ನಡುಗಿದರೆ ಸ್ವರ ಒಡೆಯುತ್ತದೆ. ಆದ್ದರಿಂದ ಊದುವಷ್ಟು ಹೊತ್ತು ಅಳು ತಡೆದೇ ಇರಬೇಕು, ಬೇರೆ ದಾರಿ ಇಲ್ಲ. ಆದರೆ ಅಳದೆ ಇರುವುದು ಬೇರೆ, ನಗುತ್ತಿದ್ದೇನೆ ಎಂದು ಹೇಳುವುದು ಬೇರೆ. ನಾವು ನುಡಿಸಿದ ಹಾಡು ನಾನು ಸಂತೋಷವಾಗಿದ್ದೇನೆ ಎಂದು ಹೇಳುವುದಿಲ್ಲ. ನೀವು ಸಂತೋಷವಾಗಿರಿ ಎನ್ನುತ್ತದೆ. ಹರಸುವವನ ಹೊಟ್ಟೆ ತುಂಬಿರಲೇಬೇಕೆಂದಿಲ್ಲ. ಅಕ್ಕಿಕಾಳು ಬೀಳುವ ಗಳಿಗೆಗೆ ಮಾಸ್ತರ ಗಟ್ಟಿಮೇಳಕ್ಕೆ ಸನ್ನೆ ಮಾಡಿದಾಗ ಎಲ್ಲ ವಾದ್ಯಗಳೂ ಒಟ್ಟಿಗೆ ಏಳುತ್ತವಲ್ಲ, ಅದು ಹರಕೆ. ಅದಕ್ಕೆ ನಮ್ಮ ಮನಸ್ಸಿನ ಸ್ಥಿತಿಯ ಸಾಕ್ಷಿ ಬೇಕಿಲ್ಲ.

ಮಾರಯ್ಯನ ಒಂದು ವಚನದ ಅರ್ಥ ಹೀಗಿದೆ: ಕೆಲಸದಲ್ಲಿ ಮುಳುಗಿರುವಾಗ ಗುರುವೇ ಬಂದರೂ, ಲಿಂಗಪೂಜೆಯ ಹೊತ್ತೇ ಆದರೂ, ಮೊದಲು ಕೆಲಸ. ಇದನ್ನು ದುಡಿಮೆಯ ದೊಡ್ಡಸ್ತಿಕೆ ಎಂದು ಮಾತ್ರ ಕೇಳಿದವರಿಗೆ ಇದರ ಭಾರ ತಿಳಿಯಲಿಕ್ಕಿಲ್ಲ. ಗೆಳೆಯನನ್ನು ಮಣ್ಣು ಮಾಡಿ ಬಂದ ಸಂಜೆ ಅದು ಏನೆಂದು ತಿಳಿಯುತ್ತದೆ. ಕೆಲಸ ಮೊದಲು ಎಂದರೆ ದುಃಖ ಇಲ್ಲವೆಂದಲ್ಲ. ದುಃಖ ಕಾಯಬೇಕು, ಅಷ್ಟೆ. ಹಾಗಾದರೆ ಕೆಲಸ ಕೊಟ್ಟವರ ಮೇಲೂ ಒಂದು ಹೊಣೆ ಇದೆ. ಅವರು ನಮ್ಮ ನುಡಿಸಾಣಿಕೆಯನ್ನು ಕೇಳಬಹುದು. ಲಯ ಏರಿಸಿರಿ ಎನ್ನಬಹುದು. ಮುಖ ನಗುತ್ತಿರಲಿ, ಮನಸ್ಸೂ ಕುಣಿಯಲಿ ಎಂದು ಕೇಳುವ ಹಕ್ಕು ಅವರಿಗಿಲ್ಲ. ಕೂಲಿ ಉಸಿರಿಗೆ ಸಿಕ್ಕಿದೆ, ಎದೆಗೆ ಅಲ್ಲ.

ಮೂರನೆಯದು ನೋಟು. ಆಯ್ದ ಅಕ್ಕಿಯ ಕಥೆ ನಮಗೆ ನೇರವಾಗಿ ತಗಲುವುದು ಇಲ್ಲಿ.

ಮೆರವಣಿಗೆ ಕಾವೇರಿದ ಮೇಲೆ ಮದುಮಗನ ಸೋದರಮಾವನೋ ಗೆಳೆಯರೋ ಹತ್ತರ ನೋಟಿನ ಕಟ್ಟು ಬಿಚ್ಚುತ್ತಾರೆ. ಮದುಮಗನ ತಲೆಯ ಸುತ್ತ ಮೂರು ಸಲ ತಿರುಗಿಸಿ ಮಾಸ್ತರನ ಕೈಗೆ ಕೊಡುವವರು ಇದ್ದಾರೆ. ಅದು ನಿವಾಳಿ, ದೃಷ್ಟಿ ತೆಗೆದದ್ದನ್ನು ಹೊತ್ತುಕೊಂಡು ಹೋಗುವವನಿಗೆ ಸಲ್ಲುವ ಹಣ. ಮೇಲಕ್ಕೆ ತೂರುವವರೂ ಇದ್ದಾರೆ. ನೋಟು ಹಾರಿ ಕಾಲಡಿ ಬೀಳುತ್ತದೆ. ಹಲಗಿಯವನು ಬಾರಿಸುತ್ತಲೇ ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಿಯಿಂದ ಎತ್ತಿದರೆ ಸಿಳ್ಳೆ ಬೀಳುತ್ತದೆ. ಅದು ಕಸರತ್ತು ಹೌದು, ವರ್ಷಗಟ್ಟಲೆ ಮೈ ಪಳಗಿಸದೆ ಬರುವಂಥದ್ದಲ್ಲ. ಆದರೆ ಸಿಳ್ಳೆ ಬಿದ್ದದ್ದು ಕಸರತ್ತಿಗೋ, ಬಾಗಿದ್ದಕ್ಕೋ?

ನಮ್ಮ ತಂಡದಲ್ಲಿ ಇದರ ಬಗ್ಗೆ ಜಗಳವೇ ಆಗಿತ್ತು. ಸೈಡ್ ಡ್ರಮ್ ಬಾರಿಸುವ ಹುಡುಗ ಲಿಂಗಸುಗೂರಿನಲ್ಲಿ ಕಾಲೇಜು ಓದುತ್ತಿದ್ದ. ಇನ್ನು ಮೇಲೆ ನೆಲದ ನೋಟು ಎತ್ತುವುದಿಲ್ಲ ಎಂದು ಹಟ ಹಿಡಿದ. ಸ್ಯಾಕ್ಸೋಫೋನಿನ ಮುದುಕರು, ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು, ಸಿಟ್ಟಿಗೆದ್ದರು.

"ಅಮರೇಶ್ವರದ ಮಾರಯ್ಯ ನೆಲದ ಮ್ಯಾಲಿಂದೇ ಆರಿಸಿದನಲ್ಲೋ ತಮ್ಮಾ. ಅವನು ಆರಿಸಿದ್ರ ಶರಣ, ನಾವು ಎತ್ತಿದ್ರ ಭಿಕ್ಷುಕರಾ?"

"ಅಕ್ಕಿ ತಾನಾಗೇ ಬಿದ್ದಿತ್ತು ಕಾಕಾ. ನೋಟು ಇವರು ಬೇಕಂತ ಒಗಿತಾರ," ಎಂದ ಹುಡುಗ.

"ಹಸಿವಿಗೆ ಬಿದ್ದದ್ದೂ ಒಂದೇ, ಒಗದದ್ದೂ ಒಂದೇ."

ಇಬ್ಬರ ಮಾತೂ ನನಗೆ ಸರಿ ಎನ್ನಿಸಿತು. ಆದರೆ ಎರಡೂ ಒಟ್ಟಿಗೆ ಸರಿಯಾಗಲಾರವು. ಬಿದ್ದದ್ದಕ್ಕೂ ಒಗೆದದ್ದಕ್ಕೂ ಇರುವ ಅಂತರ ಸಣ್ಣದಲ್ಲ. ಅಂಗಳದಲ್ಲಿ ಬಿದ್ದ ಕಾಳಿನ ಹಿಂದೆ ಯಾರ ಕಣ್ಣೂ ಇಲ್ಲ. ಮಾರಯ್ಯ ಬಗ್ಗಿದ್ದನ್ನು ನೋಡಿ ಯಾರೂ ದೊಡ್ಡವರಾಗಲಿಲ್ಲ. ತೂರಿದ ನೋಟಿನ ಹಿಂದೆ ಕಣ್ಣಿದೆ. ಎತ್ತುವವನು ಬಾಗುವುದನ್ನು ಆ ಕಣ್ಣು ಕಾಯುತ್ತದೆ. ಹತ್ತು ರೂಪಾಯಿಗೆ ಒಬ್ಬನಿಗೆ ಹತ್ತು ರೂಪಾಯಿ ಸಿಕ್ಕರೆ, ಇನ್ನೊಬ್ಬನಿಗೆ ತಾನು ಧಣಿ ಎಂಬ ಭಾವ ಸಿಗುತ್ತದೆ. ಮೊದಲನೆಯದಕ್ಕಿಂತ ಎರಡನೆಯದರ ಬೆಲೆ ಹೆಚ್ಚು.

ಮಾರಯ್ಯನ ಕಥೆ ಹೇಳುವ ಕೆಲವರು ಇನ್ನೊಂದು ಮಾತು ಸೇರಿಸುತ್ತಾರೆ. ಆ ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಬಿದ್ದಿದ್ದು ತಾನಾಗಿ ಅಲ್ಲ. ಬಡ ದಂಪತಿಗೆ ನೆರವಾಗಲೆಂದು ಬಸವಣ್ಣನೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದ. ಹೀಗೆ ಕೇಳಿದಾಗ ಲಕ್ಕಮ್ಮನ ಮಾತು ನನಗೆ ಬೇರೆಯಾಗಿಯೇ ಕಾಣುತ್ತದೆ. ಆಸೆ ಆಳುವವರ ಲಕ್ಷಣ, ನಮ್ಮದಲ್ಲ ಎಂಬ ಅರ್ಥದಲ್ಲಿ ಅವಳು ಗಂಡನನ್ನು ತಿದ್ದಿದಳು ನಿಜ. ಆದರೆ ಅವಳು ಇನ್ನೂ ಒಂದನ್ನು ಗುರುತಿಸಿದ್ದಳು. ದುಡಿಮೆಯಾಗಿ ಹೊರಟದ್ದು ದಾರಿಯಲ್ಲಿ ದಾನವಾಗಿ ಬದಲಾಗಿತ್ತು. ಕೊಟ್ಟವನು ಬಸವಣ್ಣ, ಕೊಟ್ಟದ್ದು ಪ್ರೀತಿಯಿಂದ. ಆದರೂ ಅವಳು ಒಪ್ಪಲಿಲ್ಲ. ಆಯ್ದ ಅಕ್ಕಿ ಕಾಯಕ. ಆಯಲೆಂದು ಚೆಲ್ಲಿದ ಅಕ್ಕಿ ಭಿಕ್ಷೆ, ಎಷ್ಟೇ ಮರ್ಯಾದೆಯಿಂದ ಚೆಲ್ಲಿದರೂ. ಕಾಳು ಎರಡೂ ಒಂದೇ, ಅಳತೆಯೂ ಒಂದೇ ಇರಬಹುದು. ಅವಳು ನೋಡಿದ್ದು ಕಾಳನ್ನಲ್ಲ, ಅದು ನೆಲಕ್ಕೆ ಬಂದ ಬಗೆಯನ್ನು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಲಕ್ಕಮ್ಮನ ಮಾತನ್ನು ಉಳ್ಳವರು ಬಹಳ ಸುಲಭವಾಗಿ ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾರೆ. ರೇಟು ಮಾತಾಡುವಾಗ, "ನಿಮ್ಮದು ಕಲಾ ಸೇವೆ ಅಲ್ಲೇನ್ರಿ, ಯಾಕಿಷ್ಟು ರೊಕ್ಕ ಕೇಳ್ತೀರಿ," ಎಂದವರನ್ನು ಕಂಡಿದ್ದೇನೆ. ಸಾಕು ಎಂಬುದನ್ನು ಹೇಳಿದ್ದು ಮಹಾಮನೆಯವರಲ್ಲ. ಆಯುವವನ ಮನೆಯಲ್ಲಿ ಒಲೆ ಹೊತ್ತಿಸುವವಳು. ತನ್ನ ಮನೆಯ ಅಳತೆಯನ್ನು ತಾನೇ ಹಿಡಿದಳು. ಆ ಅಳತೆಯ ಕೊಳಗ ಕೊಡುವವನ ಕೈಗೆ ಹೋದರೆ ಕಾಯಕ ಬಿಟ್ಟಿ ದುಡಿಮೆಯಾಗುತ್ತದೆ.

ಬಿಟ್ಟಿ ದುಡಿಮೆ ನಮ್ಮ ಹಿರಿಯರಿಗೆ ಹೊಸದಲ್ಲ. ಸನಾದಿ, ಹಲಗಿ ನುಡಿಸುತ್ತಿದ್ದ ಮನೆಗಳಿಗೆ ಊರಿನವರು ಸುಗ್ಗಿಯಲ್ಲಿ ಕಣದ ಕಾಳು ಕೊಡುತ್ತಿದ್ದರು. ಆಯ ಎಂದು ಅದಕ್ಕೆ ಹೆಸರು. ವರ್ಷವಿಡೀ ಊರಿನ ಹಬ್ಬ, ಲಗ್ನ, ಸಾವು ಎಲ್ಲಕ್ಕೂ ನುಡಿಸಬೇಕು, ಬರುವುದಿಲ್ಲ ಎನ್ನುವಂತಿಲ್ಲ. ಮಂಗಳವಾದ್ಯ ಎಂದು ಕರೆಯುತ್ತಿದ್ದರು, ಅದಿಲ್ಲದೆ ಅಕ್ಕಿಕಾಳು ಬೀಳುತ್ತಿರಲಿಲ್ಲ. ಆದರೆ ಆ ಮಂಗಳವನ್ನು ಊದಿದವನ ಜಾಗ ಹಂದರದ ಹೊರಗೆ, ಊಟ ಎಲ್ಲರದ್ದಾದ ಮೇಲೆ. ಆಯದಲ್ಲಿ ಒಂದು ಭದ್ರತೆ ಇತ್ತು, ಅದರ ಬೆಲೆ ತಲೆ ಎತ್ತದೆ ಇರುವುದು. ಆದ್ದರಿಂದಲೇ ದುಡ್ಡು ಸಂಬಂಧಗಳನ್ನು ಕೆಡಿಸಿತು ಎಂದು ಯಾರಾದರೂ ಮರುಗಿದರೆ ನನಗೆ ಅವರ ಜೊತೆ ಮರುಗಲಾಗುವುದಿಲ್ಲ. ಮುಂಗಡ ಹಿಡಿದು, ರೇಟು ಮಾತಾಡಿ, ಬೇಡವೆನ್ನಿಸಿದರೆ ಬೇಡ ಎನ್ನುವ ಸ್ವಾತಂತ್ರ್ಯ ನಮ್ಮ ಮನೆಗಳಿಗೆ ಬಂದದ್ದು ದುಡ್ಡಿನಿಂದ. ತೂರಿದ ನೋಟು ಆ ಸ್ವಾತಂತ್ರ್ಯದೊಳಗೆ ಹಿಂದಿನ ಬಾಗಿಲಿನಿಂದ ಬಂದ ಹಳೆಯ ಆಯ. ರೇಟು ಕಡಿಮೆ ಹಿಡಿದು, ಉಳಿದದ್ದನ್ನು ಮೇಲೆ ತೂರುವ ಯಜಮಾನನಿಗೆ ಕೂಲಿಯೂ ಉಳಿಯುತ್ತದೆ, ಹೊಗಳಿಕೆಯೂ ಸಿಗುತ್ತದೆ.

ಹಾಗಾದರೆ ಎತ್ತಬಾರದೇ? ಆ ಹುಡುಗನ ಸಿಟ್ಟನ್ನು ಗೌರವಿಸುತ್ತೇನೆ. ಆದರೆ ನೋಟು ಎತ್ತದಿರುವುದು ಅವನಿಗೆ ಸಾಧ್ಯವಿತ್ತು, ಕಾಕಾನಿಗೆ ಇರಲಿಲ್ಲ. ತೂರಿದ ಅವಮಾನದ ಹೊರೆಯನ್ನು ತೂರಿದವನ ಮೇಲಿಂದ ತೆಗೆದು ಎತ್ತುವವನ ಮೇಲೆ ಹಾಕಿದರೆ ಅದು ಎರಡನೆಯ ಅನ್ಯಾಯ. ಬಾಗಿದ ಬೆನ್ನಿಗೆ ಬುದ್ಧಿ ಹೇಳುವುದು ಸುಲಭ, ತೂರುವ ಕೈಗೆ ಹೇಳುವುದು ಕಷ್ಟ. ತೂರುವವರೂ ಕೆಟ್ಟವರೆಂದಲ್ಲ. ಬಹಳ ಜನ ಸಂತೋಷ ತಡೆಯಲಾರದೆ ತೂರುತ್ತಾರೆ. ಮಗನ ಲಗ್ನದಲ್ಲಿ ಲೆಕ್ಕ ಇಡಬಾರದು ಎಂಬುದೂ ಒಂದು ಪ್ರೀತಿಯ ರೀತಿ. ಆ ಪ್ರೀತಿ ಕೈಯಿಂದ ಕೈಗೆ ಬಂದರೆ ಅದರ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಜಗಳ ಬಗೆಹರಿದದ್ದು ನಾವಿಬ್ಬರೂ ಮೂವರೂ ಯೋಚಿಸದೆ ಇದ್ದ ಕಡೆಯಿಂದ. ದೀಪ ಹೊರುವ ಹೆಣ್ಣುಮಗಳೊಬ್ಬಳು, ಊಟಕ್ಕೆ ಕೂತಾಗ, ಯಾರಿಗೋ ಹೇಳುವ ಹಾಗೆ ಅಂದಳು: "ನಮ್ಮ ಕಾಲಾಗೂ ನೋಟು ಬೀಳ್ತಾವ. ತಲಿ ಮ್ಯಾಲ ದೀಪ ಐತಿ, ಹೆಂಗ ಬಗ್ಗೂದು?" ನಾವು ಬಗ್ಗಬೇಕೋ ಬೇಡವೋ ಎಂದು ವಾದ ಮಾಡುತ್ತಿದ್ದೆವು. ಬಗ್ಗಲಿಕ್ಕೇ ಆಗದವರು ನಮ್ಮ ಪಕ್ಕದಲ್ಲಿ ಸಾಲಾಗಿ ನಡೆಯುತ್ತಿದ್ದರು, ತಂತಿಗೆ ಕಟ್ಟಿಕೊಂಡು, ಎಲ್ಲರಿಗೂ ಬೆಳಕಾಗಿ. ಕೂಲಿಯಲ್ಲೂ ಅವರದೇ ಕಡಿಮೆ ಪಾಲು. ಮಾಸ್ತರನಿಗೆ ಎರಡು ಪಾಲಾದರೆ ನಮಗೆ ಒಂದು, ಅವರಿಗೆ ಅರ್ಧ. ಊದಲಿಕ್ಕೆ ವಿದ್ಯೆ ಬೇಕು, ಹೊರಲಿಕ್ಕೆ ಏನು ಬೇಕು ಎಂಬುದು ಅದರ ತರ್ಕ. ಹೊರಲಿಕ್ಕೆ ಕುತ್ತಿಗೆ ಬೇಕು.

ಅವತ್ತಿನಿಂದ ಒಂದು ಬಟ್ಟೆಯ ಚೀಲ ಬಂತು. ಕೈಗೆ ಕೊಟ್ಟ ನಿವಾಳಿ, ನೆಲದಿಂದ ಎತ್ತಿದ್ದು, ಎಲ್ಲವೂ ಚೀಲಕ್ಕೆ. ಎತ್ತುವವರು ಎತ್ತಬಹುದು, ಎತ್ತದವರು ಬಿಡಬಹುದು, ಯಾರನ್ನೂ ಕೇಳುವುದಿಲ್ಲ. ರಾತ್ರಿ ಎಣಿಸಿ ತಲೆಗೆ ಒಂದು ಸಮಪಾಲು. ಮಾಸ್ತರನಿಗೂ ಅಷ್ಟೇ, ದೀಪದವರಿಗೂ ಅಷ್ಟೇ, ಜನರೇಟರ್ ಗಾಡಿ ತಳ್ಳುವವನಿಗೂ ಅಷ್ಟೇ. ಮಾಸ್ತರ ಮೊದಲು ಗೊಣಗಿದ. ಎರಡು ತಿಂಗಳಲ್ಲಿ ಒಂದು ಬದಲಾವಣೆ ಕಂಡಿತು. ನೋಟಿಗಾಗಿ ನುಗ್ಗುವುದು ನಿಂತಿತು. ಯಾರು ಎತ್ತಿದರೂ ಎಲ್ಲರದ್ದಾದ ಮೇಲೆ ನುಗ್ಗುವುದೇಕೆ? ನುಗ್ಗಾಟ ನಿಂತ ಮೇಲೆ ತೂರುವವರಿಗೂ ಮೊದಲಿನ ಮಜಾ ಸಿಗಲಿಲ್ಲವೇನೋ, ಕೆಲವರು ಸೀದಾ ಚೀಲಕ್ಕೇ ಹಾಕತೊಡಗಿದರು. ಎಲ್ಲರೂ ಅಲ್ಲ. ತೂರುವವರು ಇವತ್ತಿಗೂ ತೂರುತ್ತಾರೆ.

ಈಗ ಡಿಜೆ ಬಂದಿದೆ. ಟ್ರ್ಯಾಕ್ಟರಿನ ತುಂಬ ಪೆಟ್ಟಿಗೆಗಳು, ಎದೆ ನಡುಗಿಸುವ ಶಬ್ದ, ಒಬ್ಬನೇ ಹುಡುಗ ಲ್ಯಾಪ್‌ಟಾಪಿನ ಮುಂದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಿಲ್ಲಬೇಕೆಂಬು 2000ನೆಯ ಇಸವಿಯ ನಿಯಮ, ಲಗ್ನದ ಮೆರವಣಿಗೆ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಪೆಟ್ಟಿಗೆಗೆ ಉಸಿರು ಕಟ್ಟುವುದಿಲ್ಲ, ಅದರ ಗೆಳೆಯರು ಸಾಯುವುದಿಲ್ಲ, ಅದಕ್ಕೆ ಊಟಕ್ಕೆ ಜಾಗ ಎಲ್ಲಿ ಎಂದು ಯೋಚಿಸಬೇಕಿಲ್ಲ. ಯಜಮಾನನಿಗೆ ಇದು ಸಲೀಸು. ಡಿಜೆ ಬಂದು ನಮ್ಮ ಅನ್ನ ಕಸಿಯಿತು ಎಂದು ಅಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಪೆಟ್ಟಿಗೆಯೊಡನೆ ಲಗ್ನದಿಂದ ಹೊರಟುಹೋಗುವುದು ಸಂಗೀತವಲ್ಲ, ಅದು ಇನ್ನೂ ಜೋರಾಗಿದೆ. ನಮ್ಮ ಸಂತೋಷಕ್ಕಾಗಿ ದುಡಿಯುತ್ತಿರುವವರು ಇಲ್ಲಿ ಇದ್ದಾರೆ, ಅವರಿಗೆ ನಾವು ಏನು ಸಲ್ಲಿಸಬೇಕು ಎಂಬ ಪ್ರಶ್ನೆಯೇ ಹೊರಟುಹೋಗುತ್ತದೆ. ಆ ಪ್ರಶ್ನೆ ಲಗ್ನದ ಮನೆಗೆ ಸ್ವಲ್ಪ ಇರುಸುಮುರುಸು ತರುತ್ತಿತ್ತು, ನಿಜ. ಆದರೆ ಇಬ್ಬರು ಹೊಸದಾಗಿ ಸಂಸಾರ ಶುರು ಮಾಡುವ ದಿನ ಬೇರೆಯವರ ಪಾಲು ಎಷ್ಟು ಎಂದು ಒಮ್ಮೆ ಯೋಚಿಸುವುದು ಕೆಟ್ಟದ್ದೇನಲ್ಲ. ಲಕ್ಕಮ್ಮ ಮಾರಯ್ಯರ ಸಂಸಾರ ನಡೆದದ್ದೇ ಆ ಲೆಕ್ಕದ ಮೇಲೆ.

ಬ್ಯಾಂಡ್ ಹೇಳಲಿಕ್ಕೆ ಬಂದವರ ಹತ್ತಿರ ನಮ್ಮ ಮಾಸ್ತರ ಈಗ ಮೂರು ಮಾತು ಮೊದಲೇ ಆಡಿಕೊಳ್ಳುತ್ತಾನೆ. ಪೂರ್ತಿ ರೇಟು ಇಷ್ಟು, ದೀಪದವರದ್ದೂ ಸೇರಿ. ಖುಷಿಯಾಗಿ ಕೊಡುವುದಿದ್ದರೆ ಚೀಲಕ್ಕೆ ಹಾಕಿರಿ. ಊಟ ಹಂದರದೊಳಗೆ, ಬೀಗರ ಪಂಕ್ತಿ ಎದ್ದ ಮೇಲಲ್ಲ, ಅವರ ಜೊತೆಗೆ. ಮೊದಲಿನ ಎರಡಕ್ಕೆ ಬಹಳ ಜನ ಹೂಂ ಅನ್ನುತ್ತಾರೆ. ಮೂರನೆಯದಕ್ಕೆ ಕೆಲವರು, "ಮನ್ಯಾಗ ಹಿರಿಯರನ್ನ ಕೇಳಿ ಹೇಳ್ತೀವ್ರಿ," ಎಂದು ಏಳುತ್ತಾರೆ. ಅವರಲ್ಲಿ ಅರ್ಧ ಜನ ತಿರುಗಿ ಬರುತ್ತಾರೆ.